ಕೆಮ್ಮಣ್ಣಿನ ಮೇಲೆ ಕಾಬೂಲಿ ಬೂಟು

ನಮ್ಮ ಮನೆಯ ಸಾರಿಗೆ ಕೆಲವು ದಿನಗಳಿಂದ ಇಂಗಿನ ಒಗ್ಗರಣೆ ನಿಂತಿತ್ತು. ಇಂಗು ತುಟ್ಟಿಯಾಯಿತೇ ಎಂದು ಕೇಳಬೇಡಿ. ಈ ಯುದ್ಧದ ಕಾಲದಲ್ಲಿ ಯಾವುದು ಸೋವಿಯಾಗಿದೆ, ಹೇಳಿ? ಕಾರಣ ರೇಶನ್ ಅಲ್ಲ, ಡಾಕ್ಟರೂ ಅಲ್ಲ. ಕುಸ್ತಿ!

ನಗಬೇಡಿ. ಕುಸ್ತಿಗೂ ಒಗ್ಗರಣೆಗೂ ಎತ್ತಣ ಸಂಬಂಧವೆಂದು ನಾನೂ ಕೇಳಿದ್ದೆ.

ಗೋಕಾಕಕ್ಕೆ ಒಂದು ಕುಸ್ತಿ ಕಂಪನಿ ಬಂದಿತ್ತು. ನಮ್ಮ ಗರಡಿಮನೆಯ ಕುಸ್ತಿಯಲ್ಲ, ಟಿಕೆಟ್ ಕುಸ್ತಿ. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದನ್ನು ಮ್ಯಾನೇಜರ್ ಬೆಳಗಿನ ಚಹಾದ ಹೊತ್ತಿಗೇ ಹೇಳಿ ಮುಗಿಸಿರುತ್ತಾನೆ. (ನಾಟಕ ಕಂಪನಿಯಲ್ಲಾದರೆ ನಡುನಡುವೆ ಹಾಡುಗಳಾದರೂ ಇರುತ್ತವೆ.) ಗೆಲ್ಲುವವನ ಹೆಸರು ‘ಗೋಕಾಕ ಹುಲಿ’. ಸೋಲುವವನ ಹೆಸರು ‘ಕಾಬೂಲಿ ಸೈತಾನ’.

ಹುಲಿಯ ಸ್ವಂತ ಊರು ಯಾವುದೋ ದೇವರೇ ಬಲ್ಲ. ಹುಕ್ಕೇರಿಗೆ ಹೋದರೆ ಅವನೇ ‘ಹುಕ್ಕೇರಿ ಹುಲಿ’, ಮೂಡಲಗಿಗೆ ಹೋದರೆ ‘ಮೂಡಲಗಿ ಹುಲಿ’. ಸೈತಾನ ಮಾತ್ರ ಎಲ್ಲಿ ಹೋದರೂ ಕಾಬೂಲಿಯೇ. ಆ ಕಾಬೂಲಿ ಯಾರೆಂದುಕೊಂಡಿರಿ? ನಮ್ಮ ಮಮದಾಪುರದ ಸಿದ್ದಪ್ಪ! ಗರಡಿಯಲ್ಲಿ ಬೆಳೆದ ಪೈಲವಾನ. ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ನೋಡಿದ್ದಾನೆಯೇ ಹೊರತು ಹತ್ತಿದವನಲ್ಲ. ಅವನ ಸೋದರಮಾವ ನಮ್ಮ ಓಣಿಯಲ್ಲೇ ಇದ್ದಾನೆ. ಅಂದರೆ ಇದು ಗುಟ್ಟೇನೂ ಅಲ್ಲ, ಊರಿಗೆಲ್ಲ ಗೊತ್ತು.

ಗೊತ್ತಿದ್ದೂ ಏನಾಯಿತು ನೋಡಿ. ಸಿದ್ದಪ್ಪ ಗಡ್ಡಕ್ಕೆ ಮದರಂಗಿ ಹಚ್ಚಿಕೊಂಡು, ಯಾವ ನಾಡಿನದೂ ಅಲ್ಲದ ಭಾಷೆಯಲ್ಲಿ ಗುರುಗುಟ್ಟುತ್ತ ಬಂದ. ಬಂದವನು ಬೂಟುಗಾಲಿನಲ್ಲೇ ಕಣಕ್ಕೆ ಇಳಿದ! ಕಣದ ಕೆಮ್ಮಣ್ಣು ಅಂದರೆ ನಮ್ಮ ಕಡೆ ಬರೀ ಮಣ್ಣೇ? ಎಣ್ಣೆ, ಮಜ್ಜಿಗೆ, ಅರಿಶಿಣ ಹಾಕಿ ಹದ ಮಾಡಿದ್ದು. ಎಂಥ ಪೈಲವಾನನೂ ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಂಡೇ ಇಳಿಯುತ್ತಾನೆ. ಇವನು ಅದನ್ನು ಬೂಟಿನಿಂದ ಒದ್ದು ನಮ್ಮ ಮುಖದ ಮೇಲೆ ಹಾರಿಸಿದ. ನಾನೂ ಎದ್ದು ನಿಂತು ಕೂಗಿದೆ. ಏನು ಕೂಗಿದೆನೆಂಬುದನ್ನು ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ.

ಒಬ್ಬ ಮನುಷ್ಯ, ಒಂದು ಅರ್ಥವುಳ್ಳ ಮಾತೂ ಆಡದೆ, ಇಡೀ ಊರನ್ನು ಕುದಿಸಬಲ್ಲನೆ? ನನಗೆ ಸಿಟ್ಟಿನ ನಡುವೆಯೇ ಬೆರಗಾಗಿತ್ತು.

ಮರುದಿನ ಮನೆಯಲ್ಲಿ ಇಂಗು ನಿಂತಿತು.

“ಪ್ಯಾಟ್ಯಾಗಿನ ಆ ಕಾಬೂಲಿ ಖಾನನ ಇಂಗು ಇನ್ನ ನಮ್ಮ ಮನಿಗೆ ಬ್ಯಾಡ್ರಿ” ಎಂದಳು ನನ್ನ ಹೆಂಡತಿ. “ಅವರ ಮಂದಿ ಬೂಟು ಹಾಕ್ಕೊಂಡು ಕಣಾ ತುಳೀತಾರಂತ. ಅಂಥವರ ಕೈಯಾಗಿಂದು ದೇವರ ಅಡಗಿಗೆ ಹ್ಯಾಂಗ ಹಾಕೂದು?”

“ತುಳದಾಂವ ಸಿದ್ದಪ್ಪ ಅಲ್ಲೇನ?”

“ಅದು ನನಗೂ ಗೊತ್ತೈತಿ. ಆದ್ರೂ...”

ಈ ‘ಆದ್ರೂ’ದ ಮೇಲೆ ಯಾವ ಕೋರ್ಟಿನಲ್ಲಿ ಅಪೀಲು ಮಾಡುವುದು?

ಖಾನ್ ಸಾಹೇಬರನ್ನು ನೀವು ನೋಡಿರುತ್ತೀರಿ. ಗೋಕಾಕದ ಪೇಟೆಯಲ್ಲಿ ಇಂಗು, ಅಂಜೂರ, ಬಾದಾಮಿ ಮಾರುವ ಎತ್ತರದ ಮುದುಕರು. ನಿಜವಾದ ಕಾಬೂಲಿನವರು. ನಾನು ಹುಡುಗನಾಗಿ ಸಾಲಿಗೆ ಹೋಗುವಾಗಿನಿಂದ ಅದೇ ಮೂಲೆಯಲ್ಲಿದ್ದಾರೆ. ಕರದಂಟಿನ ಅಂಗಡಿಗಳಿಗೆ ಅಂಜೂರ ಹೋಗುವುದೂ ಅವರಿಂದಲೇ. ಹೆಂಡತಿಗೆ ಗೊತ್ತಾಗದಂತೆ ಒಂದು ತುಣುಕು ಇಂಗು ತರೋಣವೆಂದು ಹೋದರೆ ಅಂಗಡಿಯ ಮುಂದೆ ಒಂದು ನರಪಿಳ್ಳೆಯೂ ಇಲ್ಲ.

“ಮಾಸ್ತರ, ಹುಡುಗ್ರು ‘ಸೋತ ಖಾನಾ, ಸೋತ ಖಾನಾ’ ಅಂತ ಕಲ್ಲು ಒಗಿಯಾಕತ್ತಾರ್ರಿ” ಎಂದರು ಖಾನ್ ಸಾಹೇಬರು. “ನಾ ಕುಸ್ತೀನ ಹಿಡದಿಲ್ಲ. ಸೋತದ್ದು ಹ್ಯಾಂಗ?”

ಮಾತಾಡುತ್ತಲೇ ಅವರು ಇಂಗು ತೂಗಿದರು.

“ಹಿಂಗಾದ್ರ ನಾ ಊರು ಬಿಡಬೇಕಾಗ್ತೈತಿ. ಈ ವಯಸ್ಸಿನ್ಯಾಗ ಎಲ್ಲಿಗೆ ಹೋಗ್ಲಿ? ಆ ಕಾಬೂಲಿ ಯಾಂವ, ಒಮ್ಮೆ ತೋರಸ್ರಿ.”

ಕಂಪನಿ ಆಗಲೇ ಹುಕ್ಕೇರಿಗೆ ಹೋಗಿತ್ತು. ಸಂತೆಯ ದಿನ ಇಬ್ಬರೂ ಇದ್ದಲಿ ಗ್ಯಾಸಿನ ಬಸ್ಸು ಹತ್ತಿದೆವು. ಏರು ಬಂದಾಗಲೆಲ್ಲ ಇಳಿದು ದೂಡಬೇಕಾದ ಬಸ್ಸು. ಎಲ್ಲರಿಗಿಂತ ಮೊದಲು ಇಳಿದು ದೂಡಿದವರು ಖಾನ್ ಸಾಹೇಬರು. ಆದರೂ ಅವರ ಬಾಜೂ ಸೀಟಿನಲ್ಲಿ ನನ್ನ ಹೊರತು ಯಾರೂ ಕೂಡಲಿಲ್ಲ. ಅವರ ಕೈಯಲ್ಲೊಂದು ದೊಡ್ಡ ಕೋಲು ಬೇರೆ. ಈ ಮುದುಕರು ಸಿದ್ದಪ್ಪನ ತಲೆ ಒಡೆದರೆ? ಅಥವಾ ಸಂತೆಯ ಮಂದಿಯೇ ಇವರ ತಲೆ ಒಡೆದರೆ? ನನಗೆ ದಾರಿಯುದ್ದಕ್ಕೂ ಇದೇ ಚಿಂತೆ.

ಹುಕ್ಕೇರಿಯಲ್ಲಿ ಮಧ್ಯಾಹ್ನದ ಬಿಸಿಲಿಗೇ ಜನ ಕಿಕ್ಕಿರಿದಿದ್ದರು. ಹಲಗಿ ವಾದ್ಯ ಮೊಳಗಿತು. ‘ಹುಕ್ಕೇರಿ ಹುಲಿ’ ಮಣ್ಣು ಹಣೆಗೊತ್ತಿ ಇಳಿದ. ಆಮೇಲೆ ಸಿದ್ದಪ್ಪ ಬಂದ. ಅದೇ ಗಡ್ಡ, ಅದೇ ಗುರುಗುಟ್ಟುವಿಕೆ, ಅದೇ ಬೂಟು. ಒಂದು ಒದೆತ, ಮುಂದಿನ ಸಾಲಿನ ಮೇಲೆಲ್ಲ ಮಣ್ಣು.

“ಬೂಟು ತಗೀಲೇ!” “ಹಾಕ್ರೋ ಅವ್ನ!”

ತಿರುಗಿ ನೋಡುತ್ತೇನೆ, ಪಕ್ಕದಲ್ಲಿ ಖಾನ್ ಸಾಹೇಬರಿಲ್ಲ. ಕೋಲು ನನ್ನ ತೊಡೆಯ ಮೇಲಿತ್ತು. ಅವರು ಕಣದ ಅಂಚಿನಲ್ಲಿ ನಿಂತು ಚಪ್ಪಲಿ ಬಿಡುತ್ತಿದ್ದರು.

“ಮತ್ತೊಬ್ಬ ಖಾನ ಬಂದ್ನೋ!” ಎಂದು ಯಾರೋ ಕೂಗಿದರು. ಕೆಲವರ ಕೈಯಲ್ಲಿ ಕಲ್ಲುಗಳಿದ್ದವು. ಮುದುಕರು ಬಗ್ಗಿ ಚಿಟಿಕೆ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡರು. ಬರಿಗಾಲಿನಲ್ಲಿ ನೆಟ್ಟಗೆ ಸಿದ್ದಪ್ಪನ ಎದುರಿಗೆ ಹೋದರು. ಹೋಗಿ, ಅವನ ಕಾಲ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಬೂಟಿನ ಲಾಡಿಗೆ ಕೈ ಹಾಕಿದರು!

ಹಲಗಿ ನಿಂತಿತು. ಅವರ ಮಾತು ಕೊನೆಯ ಸಾಲಿನವರೆಗೂ ಕೇಳಿಸಿತು.

“ಬೇಟಾ, ನಮ್ಮ ಊರಾಗೂ ಕಣಾ ಐತಿ. ಬೂಟು ಹಾಕ್ಕೊಂಡು ಇಳದ್ರ ನಮ್ಮ ಉಸ್ತಾದ ಕಾಲ ಮುರೀತಿದ್ದಾ. ನಮ್ಮ ಊರಿನ ಹೆಸರು ತಗೊಂಡಿ, ತಗೋ. ಹೊಟ್ಟೀಪಾಡು ಐತಿ. ಸೋಲು, ಬೈಸ್ಕೋ, ಏನರೆ ಮಾಡು. ಬೂಟು ಮಾತ್ರ ಬ್ಯಾಡ.”

ಸಿದ್ದಪ್ಪನ ಅವಸ್ಥೆ ನೋಡಬೇಕಿತ್ತು. ಕಾಬೂಲಿಯ ವೇಷದವನು ಕನ್ನಡದಲ್ಲಿ ಉತ್ತರ ಕೊಡುವ ಹಾಗಿಲ್ಲ. ಅತ್ತ ಕಡೆ ಮ್ಯಾನೇಜರ್ ಕೈ ಬೀಸುತ್ತಿದ್ದಾನೆ, ಒದ್ದು ಓಡಿಸು ಎಂದು. ಸಿದ್ದಪ್ಪ ಒದೆಯಲಿಲ್ಲ. ಖಾನ್ ಸಾಹೇಬರ ಹೆಗಲ ಮೇಲೆ ಕೈ ಊರಿ ಒಂದು ಕಾಲು ಎತ್ತಿದ. ಒಂದು ಬೂಟು ಬಂತು. ಇನ್ನೊಂದು ಕಾಲು ಎತ್ತಿದ. ಆಮೇಲೆ ಆ ಸೈತಾನ ಇಡೀ ಸಂತೆಗೆ ಕೇಳುವಂತೆ, ಮಮದಾಪುರದ ಅಚ್ಚ ಕನ್ನಡದಲ್ಲಿ ಹೇಳಿದ:

“ತಪ್ಪಾತ್ರಿ, ಅಜ್ಜಾರ.”

ಹೊಳೆ ನೋಡಿದ್ದೇನೆ, ಗೋಕಾಕದ ಧಬಧಬೆ ತುಂಬಿ ಧುಮುಕುವುದನ್ನು ನೋಡಿದ್ದೇನೆ. ಹಾಗೆ ಗದ್ದಲ ಮಾಡುತ್ತಿದ್ದ ಜನ ಹೀಗೆ ಒಮ್ಮೆಲೆ ತಣ್ಣಗಾದದ್ದನ್ನು ಮಾತ್ರ ಈ ಜನ್ಮದಲ್ಲಿ ನೋಡಿರಲಿಲ್ಲ. ಖಾನ್ ಸಾಹೇಬರು ಬೂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಏನೂ ನಡೆಯಲಿಲ್ಲವೆಂಬಂತೆ ನನ್ನ ಬಾಜೂ ಕುಳಿತರು.

ಕುಸ್ತಿ ನಡೆಯಿತು. ಸಿದ್ದಪ್ಪ ಮಣ್ಣು ಹಣೆಗೊತ್ತಿಕೊಂಡು ಹಿಡಿದ. ಕಚ್ಚಲಿಲ್ಲ, ಕಣ್ಣಿಗೆ ಮಣ್ಣೆರಚಲಿಲ್ಲ. ಎಂಥ ಕುಸ್ತಿ ಅಂತೀರಿ! ಹುಲಿ ಏದುಸಿರು ಬಿಟ್ಟಿತು. ಕೊನೆಗೆ ಚಹಾದ ಹೊತ್ತಿನ ಕರಾರಿನಂತೆ ಸಿದ್ದಪ್ಪ ಚಿತ್ತಾದ. ಜನಕ್ಕೆ ಯಾರಿಗೆ ಚಪ್ಪಾಳೆ ತಟ್ಟಬೇಕು, ಯಾರನ್ನು ಬೈಯಬೇಕು ತಿಳಿಯಲಿಲ್ಲ. (ಮ್ಯಾನೇಜರನ ಮುಖ ಹರಳೆಣ್ಣೆ ಕುಡಿದ ಹಾಗಿತ್ತು.) ತಿರುಗಿ ಬರುವಾಗ ಬಸ್ಸಿನಲ್ಲಿ ಯಾರೋ ಖಾನ್ ಸಾಹೇಬರಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. “ನಾಳೆ ಇಂಗು ತರ್ರಿ. ಅವರ ಅಂಗಡಿದ ತರ್ರಿ” ಎಂದಳು ಹೆಂಡತಿ. ಈ ಸಲ ‘ಆದ್ರೂ’ ಬರಲಿಲ್ಲ. ಹಾಗೆಂದು ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಓಣಿಯ ಹುಡುಗರಲ್ಲಿ ಒಬ್ಬಿಬ್ಬರು ಇನ್ನೂ ಕೂಗುತ್ತಾರೆ.

ಮೊನ್ನೆ ಇಂಗು ತರಲು ಹೋದಾಗ ಆ ಬೂಟುಗಳು ಅಂಗಡಿಯ ಗೂಟಕ್ಕೆ ತೂಗುತ್ತಿದ್ದವು. ಸಿದ್ದಪ್ಪ ಒಯ್ಯಲು ಬಂದಿಲ್ಲವಂತೆ. ಮೂಡಲಗಿಯಲ್ಲಿ ಕಂಪನಿ ಹಂಚಿದ ಹೊಸ ಹ್ಯಾಂಡ್‌ಬಿಲ್ಲನ್ನು ಖಾನ್ ಸಾಹೇಬರು ನನ್ನಿಂದ ಓದಿಸಿದರು: ‘ಮೂಡಲಗಿ ಹುಲಿ ವಿರುದ್ಧ ಜಪಾನಿ ರಾಕ್ಷಸ!’

ಅವರು ಹ್ಯಾಂಡ್‌ಬಿಲ್ಲನ್ನು ಮಡಚಿ ಬೂಟಿನೊಳಗೆ ತುರುಕಿದರು. ಆಮೇಲೆ ಕೇಳಿದರು, “ಮಾಸ್ತರ, ಈ ಕಡೆ ಜಪಾನದವರು ಯಾರೂ ಇಲ್ಲಲ್ಲ. ಅವರ ಪರವಾಗಿ ಬೂಟು ಬಿಚ್ಚಾಕ ಯಾರು ಹೋಗ್ತಾರ?”

ಇಂಗಿನ ಪೊಟ್ಟಣ ಹಿಡಿದು ಮನೆಗೆ ಬಂದೆ. ಸಿದ್ದಪ್ಪನ ಬೂಟು ಬಿಚ್ಚಿದವರು ಕಾಬೂಲಿನವರು. ಟಿಕೆಟ್ ಕೊಂಡು ಅವನ್ನು ತೊಡಿಸಿದವರು ಯಾವ ಊರಿನವರು, ಸ್ವಾಮಿ?