ರಿಸೋಲ್ ಟೈರು, ಕಣಿವೆ ದಾರಿ ಮತ್ತು ಹುಚ್ಚ ಗೌಡರ ಹೆದರಿಕೆ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಬಾಳೆಹಡ್ಲಿನ ಗದ್ದೆಯಂಚಿನಲ್ಲಿ ನಿಂತ ಹಳೆಯ ಜೀಪಿನ ಪಕ್ಕ ಹುಚ್ಚ ಗೌಡರು ಮಂಡಿಯೂರಿ ಕೂತಿದ್ದಾರೆ. ಬಾಯಲ್ಲಿ ಕಚ್ಚಿಕೊಂಡ ಸಣ್ಣ ಟಾರ್ಚು. ಬಲಗೈ ಹಿಂದಿನ ಟೈರಿನ ದಪ್ಪ ಹಲ್ಲುಗಳ ಮೇಲೆ ನಿಧಾನಕ್ಕೆ ಸರಿಯುತ್ತಿದೆ. ಹಳೆಯ ಟೈರಿಗೆ ಹೊಸ ರಬ್ಬರು ಕೂಡಿದ ಅಂಚಿಗೆ ಬಂದಾಗ ಕೈ ನಿಲ್ಲುತ್ತದೆ. ಎಲ್ಲಾದರೂ ಬಾಯಿ ಬಿಟ್ಟಿದೆಯೇ ಎಂದು ಉಗುರು ತೂರಿಸಿ ನೋಡುತ್ತಾರೆ. ಒಂದು ಸುತ್ತು ಮುಗಿದ ಮೇಲೆ ಜೀಪನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ನೆಲಕ್ಕೆ ಒತ್ತಿಕೊಂಡಿದ್ದ ಭಾಗವನ್ನೂ ಮುಟ್ಟಿ ನೋಡುತ್ತಾರೆ.

‘ಏನಾದ್ರೂ ಸಿಕ್ತಾ?’ ಎಂದು ಕೇಳುತ್ತೇನೆ.

‘ಎಂತದೂ ಇಲ್ಲ’ ಎನ್ನುತ್ತಾ ಟಾರ್ಚನ್ನು ಲುಂಗಿಗೆ ಒರೆಸಿಕೊಳ್ಳುತ್ತಾರೆ. ‘ಎಂತದೂ ಇಲ್ಲ ಅಂತ ಗೊತ್ತಾದ್ರೂ ಹೆದರಿಕೆ ಹೋಗೂದಿಲ್ಲ.’

ಶಿರಸಿ ತಾಲೂಕಿನ ಹುಲೇಕಲ್‌ನಿಂದ ಆಚೆ, ಡಾಂಬರು ಮುಗಿದ ಮೇಲೆ ಕಾಡಿನೊಳಗೆ ಇಳಿಯುವ ಮಣ್ಣಿನ ದಾರಿಯ ಕೊನೆಗೆ ಬಾಳೆಹಡ್ಲು ಇದೆ. ಬಸ್ಸು ಮೇಲಿನ ಡಾಂಬರಿನಲ್ಲೇ ತಿರುಗಿ ಹೋಗುತ್ತದೆ. ಆಂಬುಲೆನ್ಸೂ ಅಲ್ಲಿಯವರೆಗೇ. ಅಲ್ಲಿಂದ ಕೆಳಗೆ ಇಳಿಯುವುದು ಹುಚ್ಚ ಗೌಡರ ಜೀಪೊಂದೇ. ಹೆರಿಗೆ ನೋವು, ಹಾವು ಕಡಿತ, ಗೊಬ್ಬರದ ಚೀಲ, ಮದುವೆಯ ಪಾತ್ರೆ, ಪರೀಕ್ಷೆಗೆ ಹೊರಟ ಹುಡುಗಿಯರು ಎಲ್ಲರೂ ಎಲ್ಲವೂ ಅದರಲ್ಲೇ. ಐವತ್ತು ದಾಟಿದ ಗೌಡರು ಇಪ್ಪತ್ತು ವರ್ಷಗಳಿಂದ ಈ ದಾರಿಯಲ್ಲಿ ಜೀಪು ಓಡಿಸುತ್ತಿದ್ದಾರೆ. ಹತ್ತುವಾಗಲೂ ಇಳಿಯುವಾಗಲೂ ಅವರ ಬೆನ್ನು ಸೀಟಿಗೆ ತಾಗುವುದಿಲ್ಲ.

ಇವತ್ತಿನ ಸವಾರಿ ದೇವಕಕ್ಕನದು. ಅರವತ್ತೈದರ ದೇವಕಿ ಹೆಗಡೆಯವರ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆರಡು ಸಲ ಶಿರಸಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಸಿಕ್ಕಿಕೊಳ್ಳುತ್ತದೆ. ಸೊಸೆ ಸಮೃದ್ಧಿ ಕೈ ಹಿಡಿದು ಕರೆತರುತ್ತಾರೆ. ಮುಂದಿನ ಸೀಟು ಖಾಲಿ ಇದ್ದರೂ ದೇವಕಕ್ಕ ಹಿಂದೆ, ಬಾಗಿಲಿನ ಹತ್ತಿರ ಕೂರುತ್ತಾರೆ. ಎರಡು ಮಳೆಗಾಲದ ಹಿಂದೆ ಹಾಗಿರಲಿಲ್ಲ.

ಜೀಪು ಗುರುಗುಟ್ಟುತ್ತಾ ಏರತೊಡಗುತ್ತದೆ. ಮಳೆಗಾಲ ಮುಗಿದು ತಿಂಗಳಾಗಿದ್ದರೂ ಮರದ ನೆರಳಿನಲ್ಲಿ ಕೆಸರು ಆರಿಲ್ಲ. ಎಡ ಬಲಕ್ಕೆ ಹೊರಳಾಡುವ ಜೀಪಿನಲ್ಲಿ ನಾನು ಮೇಲಿನ ಕಬ್ಬಿಣದ ಸರಳಿಗೆ ಜೋತುಬಿದ್ದಿದ್ದೇನೆ. ಜಂಬೆಮರದ ತಿರುವು ಬರುತ್ತದೆ. ಒಂದು ಬದಿಗೆ ಗುಡ್ಡ ಕಡಿದ ಕೆಂಪು ದರೆ, ಇನ್ನೊಂದು ಬದಿಗೆ ಏನೂ ಇಲ್ಲ. ತುಂಬಾ ಕೆಳಗೆ ಹಳ್ಳದ ಸದ್ದು ಮಾತ್ರ ಕೇಳುತ್ತದೆ. ದೇವಕಕ್ಕ ಕಣ್ಣು ಮುಚ್ಚಿಕೊಂಡಿದ್ದಾರೆ. ಕನ್ನಡಿಯಲ್ಲಿ ಗೌಡರ ಮುಖ ಕಾಣುತ್ತದೆ. ಹಣೆಯ ಮೇಲೆ ಬೆವರು.

ಮೇಲೆ ಡಾಂಬರು ಸಿಕ್ಕ ತಕ್ಷಣ ಗೌಡರು ಇಳಿದು, ಕಾಲಿನಿಂದ ಒತ್ತುವ ಪಂಪು ತೆಗೆದು ನಾಲ್ಕೂ ಗಾಲಿಗೆ ಗಾಳಿ ತುಂಬುತ್ತಾರೆ. ಕೆಸರಿಗೆ ಗಾಳಿ ಕಮ್ಮಿ ಇರಬೇಕು, ಆಗ ಟೈರು ಅಗಲವಾಗಿ ನೆಲ ಕಚ್ಚುತ್ತದೆ. ಅದೇ ಗಾಳಿಯಲ್ಲಿ ಡಾಂಬರಿನ ಮೇಲೆ ಓಡಿದರೆ ಟೈರು ಬಿಸಿಯಾಗುತ್ತದೆ. ‘ಹೊಸ ಟೈರಾದ್ರೆ ತಡೀತದೆ. ರಿಸೋಲಿಗೆ ಬಿಸಿ ಅಂದ್ರೆ ಆಗೂದಿಲ್ಲ’ ಎನ್ನುತ್ತಾರೆ ಅವರು, ಏದುಸಿರು ಬಿಡುತ್ತಾ.

ಸವೆದ ಟೈರಿನ ಮೇಲ್ಮೈ ಕೆರೆದು, ಹೊಸ ರಬ್ಬರಿನ ಪಟ್ಟಿ ಅಂಟಿಸಿ ಬೇಯಿಸಿದರೆ ಅದು ರಿಸೋಲ್ ಟೈರು. ಕಾಡಿನ ದಾರಿಯ ಜೀಪುಗಳಿಗೆ ಅದು ಹೇಳಿ ಮಾಡಿಸಿದಂಥದ್ದು ಎಂದು ಎಷ್ಟೋ ಚಾಲಕರು ನಂಬಿದ್ದಾರೆ. ದುಬಾರಿಯ ಹೊಸ ಟೈರು ಹಾಕಿದರೂ ಈ ಕಲ್ಲುಗಳು ಅದನ್ನು ಸವೆಯಲು ಬಿಡುವುದಿಲ್ಲ, ಅದಕ್ಕೂ ಮೊದಲೇ ಸೀಳಿ ಹಾಕುತ್ತವೆ. ಗೌಡರೂ ವರ್ಷಗಟ್ಟಲೆ ನಾಲ್ಕೂ ಗಾಲಿಗೆ ರಿಸೋಲ್ ಹಾಕಿಯೇ ಓಡಿಸಿದವರು. ಒಮ್ಮೆಯೂ ಕೈಕೊಟ್ಟಿರಲಿಲ್ಲ. ಎರಡು ಮಳೆಗಾಲದ ಹಿಂದಿನ ಆ ಆಷಾಢದ ಮಧ್ಯಾಹ್ನದವರೆಗೆ.

ಅವತ್ತು ಬೆಳಿಗ್ಗೆ ಹುಲೇಕಲ್‌ನಲ್ಲಿ ಕರೆಂಟು ಇರಲಿಲ್ಲ. ಗಾಳಿ ತುಂಬುವ ಯಂತ್ರ ಓಡಲಿಲ್ಲ. ಗೌಡರ ಬಳಿ ಆಗ ಪಂಪು ಇರಲಿಲ್ಲ. ದೇವಕಕ್ಕನನ್ನು ತಡಮಾಡಿಸುವಂತಿರಲಿಲ್ಲ. ಕಮ್ಮಿ ಗಾಳಿಯಲ್ಲೇ ಶಿರಸಿಗೆ ಓಡಿಸಿದರು. ‘ಪ್ಯಾಟೆಯಲ್ಲಿ ತುಂಬಿಸ್ಬಹುದಿತ್ತು. ಹೆಂಗೂ ವಾಪಸ್ ಕೆಸರಿಗೇ ಇಳಿಯೂದಲ್ಲ ಅಂತ ಬಿಟ್ಟೆ’ ಎಂದು ನೆನೆಯುತ್ತಾರೆ. ಡಯಾಲಿಸಿಸ್ ಮುಗಿಯುವ ಹೊತ್ತಿಗೆ ಮಳೆ ಜೋರಾಗಿತ್ತು. ಹಳ್ಳ ಉಕ್ಕಿ ಮೋರಿ ಮುಳುಗುವ ಮೊದಲು ಮನೆ ಸೇರಬೇಕೆಂದು ಡಾಂಬರಿನ ಮೇಲೆ ಯಾವತ್ತಿಗಿಂತ ಜೋರಾಗಿಯೇ ಹೊಡೆದರು.

ಮಣ್ಣಿನ ಇಳುಕಲಿಗೆ ಬಂದ ಮೇಲೆ ಮುಂದಿನ ಎಡಗಾಲಿಯಿಂದ ‘ಪಟ್ ಪಟ್’ ಎಂದು ಸದ್ದು ಬರತೊಡಗಿತು. ಕೊಂಬೆ ಸಿಕ್ಕಿಕೊಂಡಿರಬೇಕು ಎಂದುಕೊಂಡರು ಗೌಡರು. ಜಂಬೆಮರದ ತಿರುವಿನಲ್ಲಿ ನಿಲ್ಲಿಸಲು ಜಾಗವಿಲ್ಲ, ದಾಟಿ ನಿಲ್ಲಿಸೋಣ ಎಂದು ಸ್ಟೇರಿಂಗ್ ತಿರುಗಿಸಿದರು. ಸ್ಟೇರಿಂಗ್ ತಿರುಗಿತು, ಜೀಪು ತಿರುಗಲಿಲ್ಲ. ಗಾಲಿಯ ರಬ್ಬರಿನ ಪಟ್ಟಿ ಪೂರ್ತಿ ಕಿತ್ತು ಮಡ್‌ಗಾರ್ಡಿಗೆ ಸುತ್ತಿಕೊಂಡಿತ್ತು. ಹಲ್ಲಿಲ್ಲದ ಬೋಳು ಟೈರು ಕೆಸರಿನ ಮೇಲೆ ಸೀದಾ ಅಂಚಿಗೆ ಜಾರಿತು. ಗೌಡರು ಬ್ರೇಕಿನ ಮೇಲೆ ಎದ್ದು ನಿಂತರು.

ಜೀಪು ನಿಂತಾಗ ಎಡಗಡೆಯ ಮುಂದಿನ ಗಾಲಿಯ ಕೆಳಗೆ ನೆಲವಿರಲಿಲ್ಲ.

ದೇವಕಕ್ಕ ಕೂತಿದ್ದುದು ಅದೇ ಬದಿಗೆ, ಮುಂದಿನ ಸೀಟಿನಲ್ಲಿ. ಅವರ ಬಾಗಿಲು ತೆರೆದರೆ ನೇರ ಹಳ್ಳ. ‘ನಾ ಕೆಳಗೆ ನೋಡಿದೆ. ಒಂದು ಬೈನೆ ಮರದ ತಲೆ ಕಾಣ್ತಿತ್ತು. ಮರದ ತಲೆ ನನ್ನ ಕಾಲಿಗಿಂತ ಕೆಳಗೆ’ ಎಂದು ದೇವಕಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನಗೆ ಹೇಳುತ್ತಾರೆ. ಹೇಳುವಾಗಲೂ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾರೆ.

ಹ್ಯಾಂಡ್‌ಬ್ರೇಕು ಹಳೆಯದು, ನೆಚ್ಚುವ ಹಾಗಿರಲಿಲ್ಲ. ಗೌಡರು ಪೆಡಲಿನಿಂದ ಕಾಲು ತೆಗೆದರೆ ಏನಾಗುತ್ತದೋ ಗೊತ್ತಿರಲಿಲ್ಲ. ಅವರು ಅಲುಗಾಡುವಂತಿಲ್ಲ, ದೇವಕಕ್ಕನನ್ನು ಮುಟ್ಟಿ ಎಬ್ಬಿಸುವಂತಿಲ್ಲ. ಹಿಂದೆ ಕೂತಿದ್ದ ಸಮೃದ್ಧಿ ಹಿಂಬಾಗಿಲಿನಿಂದ ಮೆಲ್ಲಗೆ ಇಳಿದರು. ದರೆಯಿಂದ ಉರುಳಿದ್ದ ಕಲ್ಲುಗಳನ್ನು ಎತ್ತಿ ತಂದು ಹಿಂದಿನ ಗಾಲಿಗಳ ಮುಂದೆ ಇಟ್ಟರು. ಮತ್ತೆ ಹಿಂದಿನಿಂದಲೇ ಒಳಗೆ ತೆವಳಿ ಬಂದರು.

‘ಅತ್ತೆ, ಎರಡು ಸೀಟಿನ ಮಧ್ಯ ಹಾದು ಎನ್ನ ಬದಿಗೆ ಬನ್ನಿ.’

‘ಎನ್ನ ಕೈಲಿ ಆಗ್ತಿಲ್ಲೆ ಕೂಸೆ.’

‘ಆಗ್ತು. ಮೆಲ್ಲಂಗೆ ಬನ್ನಿ. ಕೆಳಗೆ ನೋಡಡಿ, ಎನ್ನೇ ನೋಡಿ.’

ಡಯಾಲಿಸಿಸ್ ಮುಗಿದ ದಿನ ದೇವಕಕ್ಕನಿಗೆ ಎದ್ದು ನಿಂತರೆ ತಲೆ ಸುತ್ತುತ್ತದೆ. ಸೂಜಿ ಚುಚ್ಚಿದ ಎಡಗೈಗೆ ಪಟ್ಟಿ ಕಟ್ಟಿತ್ತು. ಆ ಕೈ ಊರುವಂತಿಲ್ಲ, ಎಳೆಯುವಂತಿಲ್ಲ, ರಕ್ತ ಹರಿಯತೊಡಗಿದರೆ ನಿಲ್ಲಿಸುವುದು ಕಷ್ಟ. ಅವರು ಒಂದು ಮೊಣಕಾಲು ಸೀಟಿನ ಮೇಲೆ ಇಟ್ಟಾಗ ಜೀಪಿನ ಮೂತಿ ಒಂದಿಷ್ಟು ಬಾಗಿತು.

‘ಹುಚ್ಚಾ, ಕಾಲು ತೆಗೀಬೇಡ ಮಾರಾಯಾ.’

‘ತೆಗೆಯೂದಿಲ್ಲ ದೇವಕಕ್ಕ. ನೀವು ಹೋಗಿ.’

ಕಾಲು ಆಗಲೇ ಗಡಗಡ ನಡುಗುತ್ತಿತ್ತು ಎಂದು ಗೌಡರು ಹೇಳುತ್ತಾರೆ. ‘ತೊಡೆ ಹಿಡ್ಕಂಡ್ಬಿಟ್ಟಿತ್ತು. ಕಾಲು ಎಲ್ಲಿ ಅದೆ ಅಂತಲೇ ತಿಳೀತಿರ್ಲಿಲ್ಲ. ಕಣ್ಣಲ್ಲಿ ನೋಡಿ, ಹಾಂ, ಇನ್ನೂ ಬ್ರೇಕಿನ ಮೇಲೇ ಅದೆ ಅಂದ್ಕಂತಿದ್ದೆ.’ ಸಮೃದ್ಧಿ ಅತ್ತೆಯ ಎರಡೂ ಕಂಕುಳಿಗೆ ಕೈ ಹಾಕಿ ತನ್ನ ಎದೆಯ ಮೇಲೆ ಎಳೆದುಕೊಂಡು ಹಿಂದಕ್ಕೆ ಸರಿದರು. ಹಿಂಬಾಗಿಲು ದಾಟಿ ಇಬ್ಬರೂ ಕೆಸರಿನಲ್ಲಿ ಕುಸಿದು ಕೂತರು.

ಈಗ ಜೀಪಿನಲ್ಲಿ ಗೌಡರೊಬ್ಬರೇ. ಹಾರಿ ಬಾ ಎಂದು ಇಬ್ಬರೂ ಕೂಗಿದರು. ಕಾಲು ಮಾತು ಕೇಳಲಿಲ್ಲ. ಕೊನೆಗೆ ತಮ್ಮ ಎರಡೂ ಕೈಗಳಿಂದ ಮೊಣಕಾಲು ಹಿಡಿದು, ಬೇರೆಯವರ ಕಾಲನ್ನು ಎತ್ತುವ ಹಾಗೆ ಎತ್ತಿದರಂತೆ. ಜೀಪು ನರಳಿತು. ಹಿಂದಿನ ಗಾಲಿಗಳು ಕಲ್ಲಿಗೆ ತಾಗಿ, ಕೆಸರಿಗೆ ಹಲ್ಲೂರಿ ಹಾಗೇ ನಿಂತವು. ಗೌಡರು ದರೆಯ ಬದಿಗೆ ಬಿದ್ದು, ನಾಲ್ಕು ಕಾಲಿನಲ್ಲಿ ತೆವಳಿ ದೂರ ಹೋಗಿ ವಾಂತಿ ಮಾಡಿಕೊಂಡರು.

ಹಿಂದಿನಿಂದ ಜೀಪನ್ನು ಹಿಡಿದು ನಿಲ್ಲಿಸಿದವೂ ರಿಸೋಲ್ ಟೈರುಗಳೇ.

ಮರುದಿನ ಊರವರು ಹಗ್ಗ ಕಟ್ಟಿ ಜೀಪನ್ನು ಎಳೆದರು. ಗೌಡರು ಅದನ್ನು ಮನೆಯ ಹಿಂದೆ ನಿಲ್ಲಿಸಿ ಕೀಲಿ ತೆಗೆದು ಹೆಂಡತಿ ಗಂಗೆಯ ಕೈಗೆ ಕೊಟ್ಟರು. ಇನ್ನು ಮುಟ್ಟುವುದಿಲ್ಲ ಎಂದರು. ಗಂಗಕ್ಕ ಅದನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿಟ್ಟರು. ‘ನಂಗೆ ಖುಷಿಯೇ ಆಗಿತ್ತು. ಸುಳ್ಳು ಎಂತಕೆ ಹೇಳ್ಲಿ?’ ಎನ್ನುತ್ತಾರೆ ಗಂಗಕ್ಕ.

ಆದರೆ ದೇವಕಕ್ಕನ ಮುಂದಿನ ಸರದಿ ಬಂತು. ಹುಲೇಕಲ್‌ನ ಬೇರೆ ಗಾಡಿಯವರು ಯಾರೂ ಆ ಇಳುಕಲಿಗೆ ಒಪ್ಪಲಿಲ್ಲ. ದೇವಕಕ್ಕನ ಮಗ ಸಂದೇಶ ಮತ್ತು ಊರಿನ ಗಂಡಸರು ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಕಟ್ಟಿ ಹೊತ್ತು ಏರಿಸುವುದೆಂದು ತೀರ್ಮಾನಿಸಿದರು. ಹೆಗಲು ಕೊಡಲು ಗೌಡರೂ ಹೋದರು. ಅದೇ ಜಂಬೆಮರದ ತಿರುವಿನಲ್ಲಿ ಮುಂದಿದ್ದವನ ಕಾಲು ಜಾರಿತು. ಕುರ್ಚಿ ಒಂದು ಕಡೆಗೆ ವಾಲಿತು. ದೇವಕಕ್ಕ ಕೂಗಲೂ ಇಲ್ಲ, ಅಷ್ಟು ಉಸಿರೇ ಇರಲಿಲ್ಲ. ಬಿದಿರನ್ನು ಹೊಟ್ಟೆಗೆ ಅವುಚಿ ಹಿಡಿದು ಗೌಡರು ಕೆಸರಿನಲ್ಲಿ ಕೂತುಬಿಟ್ಟದ್ದರಿಂದ ಕುರ್ಚಿ ಉಳಿಯಿತು.

‘ಅವತ್ತು ತಿಳೀತು, ನಡೆದ್ರೂ ಜಾರೂದೇ’ ಎನ್ನುತ್ತಾರೆ ಗೌಡರು. ‘ಜೀಪಿಗಾದ್ರೆ ನಾಲ್ಕು ಗಾಲಿ ಉಂಟು. ಮನೆಗೆ ಬಂದು ಕೀಲಿ ಕೇಳ್ದೆ. ಇವಳು ಕೊಡ್ಲಿಲ್ಲ. ಡಬ್ಬಿಗೆ ನಾನೇ ಕೈ ಹಾಕ್ದೆ.’

ಕಿತ್ತುಹೋದ ಪಟ್ಟಿಯನ್ನು ಹೆಗಲ ಮೇಲೆ ಹಾಕಿಕೊಂಡು ಅವರು ಅದನ್ನು ಹಾಕಿಸಿದ್ದ ಶಿರಸಿಯ ರಿಸೋಲ್ ಅಂಗಡಿಗೇ ಹೋದರು. ಅಲ್ಲಿಯ ದ್ಯಾಮಪ್ಪ ಹಾವೇರಿ ಕಡೆಯವರು. ಇವತ್ತು ಡಯಾಲಿಸಿಸ್ ಮುಗಿಯುವುದರೊಳಗೆ ಗೌಡರು ನನ್ನನ್ನು ಅಲ್ಲಿಗೇ ಕರೆದೊಯ್ಯುತ್ತಾರೆ. ‘ಬರ್ರಿ ಗೌಡ್ರ’ ಎಂದು ಸ್ಟೂಲು ಸರಿಸುವ ದ್ಯಾಮಪ್ಪ, ಜೀಪಿಗೆ ರಿಸೋಲ್ ಹಾಕಿಸಬಹುದೇ ಎಂಬ ನನ್ನ ಪ್ರಶ್ನೆಗೆ ಯೋಚಿಸಿ ಉತ್ತರಿಸುತ್ತಾರೆ.

‘ಹಾಕಸ್ಬಹುದ್ರಿ. ಮ್ಯಾಲಿನ ರಬ್ಬರ್ ಎಷ್ಟ ಛಲೋ ಇದ್ರೂ ಒಳಗಿನ ಹಳೇ ಟೈರ್ ಗಟ್ಟಿ ಇರಬೇಕ್ರಿ. ಆ ಟೈರಿಗೆ ಅದಕ್ಕೂ ಮೊದ್ಲು ಎರಡು ಸಲ ರಿಸೋಲ್ ಆಗಿತ್ತು, ಬ್ಯಾರೆ ಕಡೆ. ಗೌಡ್ರು ಅದನ್ನ ಹಳೇದ ಕೊಂಡಿದ್ರು, ಗೊತ್ತಿರ್ಲಿಲ್ಲ. ನಾನೂ ಇನ್ನೊಮ್ಮೆ ಬಿಚ್ಚಿ ನೋಡಬೇಕಿತ್ತೇನೋ, ನೋಡ್ಲಿಲ್ಲ. ಈಗ ಹಂಗ ಅನುಮಾನ ಬಂದ್ರ ವಾಪಸ್ ಕಳಸ್ತೀನ್ರಿ. ಗಿರಾಕಿ ಬೈತಾರ, ಬೈಲಿ.’

ಈಗ ಗೌಡರ ಜೀಪಿನ ಮುಂದಿನ ಎರಡು ಗಾಲಿಗೆ ಹೊಸ ಟೈರು. ಹಿಂದಿನ ಎರಡಕ್ಕೆ ರಿಸೋಲ್, ಅದೂ ಒಮ್ಮೆ ಮಾತ್ರ ಆದದ್ದು. ದಾರಿ ತೋರಿಸುವ ಗಾಲಿ ಮೋಸ ಮಾಡಬಾರದು, ಹಿಂದಿನದು ತಳ್ಳಿದರೆ ಸಾಕು ಎಂಬುದು ಅವರ ಲೆಕ್ಕ. ಹ್ಯಾಂಡ್‌ಬ್ರೇಕು ರಿಪೇರಿಯಾಗಿದೆ. ಹಿಂದಿನ ಸೀಟಿನ ಕೆಳಗೆ ಗಾಲಿಗೆ ಕೊಡುವ ಎರಡು ಮರದ ದಿಮ್ಮಿಗಳು ಸದಾ ಇರುತ್ತವೆ. ಇಷ್ಟೆಲ್ಲಾ ಇದ್ದೂ ಡಾಂಬರು ಮುಗಿಯುವಲ್ಲಿ ಅವರು ಜೀಪು ನಿಲ್ಲಿಸಿ ಒಮ್ಮೆ ಇಳಿಯುತ್ತಾರೆ, ಗಾಳಿ ಇಳಿಸುವ ನೆಪದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ.

ಇವತ್ತೂ ಹಾಗೇ ನಿಂತಿದ್ದಾರೆ. ಮಧ್ಯಾಹ್ನದ ಬಿಸಿಲು ಇಳುಕಲಿನ ಬಾಯಿಯವರೆಗೆ ಬಂದು ಅಲ್ಲಿಂದ ಮುಂದೆ ಕಾಡಿನ ನೆರಳು. ಹಿಂದೆ ದೇವಕಕ್ಕ ಸುಸ್ತಾಗಿ ಸೊಸೆಯ ಭುಜಕ್ಕೆ ಒರಗಿದ್ದಾರೆ. ಜಂಬೆಮರದ ತಿರುವನ್ನು ಜೀಪು ಇಂಚಿಂಚಾಗಿ ದಾಟುತ್ತದೆ. ಬಲಗಾಲು ಬ್ರೇಕಿನ ಮೇಲೆ ಸಣ್ಣಗೆ ನಡುಗುವುದನ್ನು, ಈಗ ಮುಂದಿನ ಸೀಟಿಗೆ ಬಂದಿರುವ ನಾನು ಪಕ್ಕದಿಂದ ನೋಡುತ್ತೇನೆ. ಗೌಡರಿಗೂ ಅದು ಗೊತ್ತಾಗುತ್ತದೆ. ಕೆಳಗಿನ ಮೋರಿ ದಾಟಿ ಗದ್ದೆ ಕಂಡ ಮೇಲೆ ಒಮ್ಮೆ ಹಾರನ್ ಒತ್ತುತ್ತಾರೆ. ಅದು ಗಂಗಕ್ಕನಿಗೆ.

ದೇವಕಕ್ಕನನ್ನು ಇಳಿಸಿ ಬಂದು ಜಗಲಿಯ ಮೇಲೆ ಕೂತಾಗ, ನಿಮಗೇನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ರಸ್ತೆಯಾಗಲಿ ಎನ್ನಬಹುದು, ಹೊಸ ಜೀಪು ಎನ್ನಬಹುದು ಎಂದುಕೊಂಡಿದ್ದೆ. ಗಂಗಕ್ಕ ಕೊಟ್ಟ ಮಜ್ಜಿಗೆ ಕುಡಿದು ಗೌಡರು ಲೋಟ ಕೆಳಗಿಡುತ್ತಾರೆ.

‘ಒಂದ್ಸಲ ಬ್ಯಾರೆ ಯಾರಾದ್ರೂ ಈ ದಾರಿಯಲ್ಲಿ ಜೀಪು ಹೊಡೀಬೇಕು’ ಎನ್ನುತ್ತಾರೆ. ‘ನಾ ಹಿಂದಿನ ಸೀಟಲ್ಲಿ ಕೂತು ನಿದ್ದೆ ಮಾಡ್ಬೇಕು. ಊರು ಬಂತು ಏಳು ಅಂತ ಯಾರಾದ್ರೂ ಎಬ್ಬಿಸ್ಬೇಕು. ಅಷ್ಟೇ.’