ಹೊನ್ನೆಯ ಬೀಜಕ್ಕೆ ಹಗ್ಗ ಹಿಡಿದ ಮಾಂತುಕಾಕಾ

“ಮ್ಯಾಲ ಯಾರದಾರ್ರೀ?”

ಹೊನ್ನೆ ಮರದ ಬುಡದಲ್ಲಿ ಬರಿಗಾಲಲ್ಲಿ ನಿಂತು, ಕತ್ತನ್ನು ಹಿಂದಕ್ಕೆ ಚೆಲ್ಲಿ ಮಾಂತು ಕೇಳುತ್ತಾರೆ. ಸೂರ್ಯ ಇನ್ನೂ ಗುಡ್ಡ ದಾಟಿಲ್ಲ. ಮೇಲೆ ಯಾರೂ ಇಲ್ಲ. ಅರ್ಧ ಎಲೆ ಉದುರಿಸಿಕೊಂಡ ಕೊಂಬೆಗಳಲ್ಲಿ ಒಣಗಿದ ಕಾಯಿಗಳು ಸರಸರ ಅನ್ನುತ್ತಿವೆ, ಅಷ್ಟೇ. ಬಾಗಿಲು ತಟ್ಟಿದವರು ಹೊಸ್ತಿಲಾಚೆ ಕಾಯುವ ಹಾಗೆ ಅವರು ಒಂದಿಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ಹೆಗಲಿನ ಹಗ್ಗ ಇಳಿಸುತ್ತಾರೆ.

“ಜೇನ ಇರತದ, ಗೂಗಿ ಇರತದ, ಒಮ್ಮೊಮ್ಮಿ ಹಾವೂ ಇರತದ. ಅವರ ಮನಿಗೆ ಹೊಂಟೀವಿ. ಕೇಳದ ಒಳಗ ಹೋಗೂದು ಚಲೋ ಅಲ್ಲ ನೋಡ್ರಿ” ಎನ್ನುತ್ತಾರೆ.

ಪುಣೆ ದಾಟಿ, ಕಾತ್ರಜ ಘಾಟಿನ ಆಚೆಗೆ, ಸಾತಾರಾ ಹೆದ್ದಾರಿಯ ಸದ್ದು ಪೂರ್ತಿ ಅಡಗುವಷ್ಟು ಒಳಗೆ ಈ ದೇವರಕಾಡು ಇದೆ. ಇಲ್ಲಿನವರ ಬಾಯಲ್ಲಿ ಅದು ದೇವರಾಯಿ. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕು. ಕೊಡಲಿ, ಕುಡುಗೋಲು ತರುವಂತಿಲ್ಲ. ಬಿದ್ದ ಕೊಂಬೆಯನ್ನು ಒಲೆಗೆ ಒಯ್ಯುವಂತಿಲ್ಲ. ಪುಣೆಯ ಒಂದು ಅರಣ್ಯ ಸಂಶೋಧನಾ ಕೇಂದ್ರದ ವಿದ್ಯಾರ್ಥಿಗಳು ಪ್ರತಿ ಮಾಘದಲ್ಲಿ ಇಲ್ಲಿಗೆ ಬರುತ್ತಾರೆ. ಕಾಡಿಗೆ ನೋವಾಗದಂತೆ ಕಾಡಿನಿಂದ ಎಷ್ಟು ತೆಗೆದುಕೊಳ್ಳಬಹುದು ಎಂಬುದೇ ಅವರ ಓದು. ಆ ಓದಿನಲ್ಲಿ ಮರ ಹತ್ತಿ ಬೀಜ ತರುವುದೂ ಒಂದು ಪಾಠ. ಆ ಪಾಠ ಹೇಳುವವರು ಮಾಂತು. ಪೂರ್ತಿ ಹೆಸರು ಮಹಾಂತೇಶ. ಸಂಬಳದ ದಿನ ಬಿಟ್ಟರೆ ಆ ಹೆಸರಿಗೆ ಬೇರೆ ಕೆಲಸವಿಲ್ಲ. ಎಲ್ಲರಿಗೂ ಅವರು ಮಾಂತುಕಾಕಾ.

ಹೊನ್ನೆಯ ಕಾಯಿ ನೋಡಲು ಸಂಡಿಗೆಯ ಹಾಗೆ. ನಡುವೆ ಗಟ್ಟಿ ಬೀಜ, ಸುತ್ತಲೂ ತೆಳ್ಳನೆಯ ರೆಕ್ಕೆ. ಮಾಗಿದ ಕಾಯಿಗೆ ಜೋರು ಗಾಳಿ ತಾಗಿದರೆ ಎಲ್ಲಿಗೆ ಹಾರಿತು ಎಂದು ಮರಕ್ಕೂ ಗೊತ್ತಾಗುವುದಿಲ್ಲ. ಯಾವ ತಾಯಿಮರದ ಬೀಜ ಎಂದು ತಿಳಿಯದಿದ್ದರೆ ಸಂಶೋಧನೆಗೆ ಅದು ಬರಿಯ ಕಸ. ಹಾಗಾಗಿ ಗಾಳಿ ಬರುವ ಮೊದಲು ಮರ ಹತ್ತಬೇಕು, ಕೈಯಿಂದ ಬಿಡಿಸಬೇಕು. ದೇವರಕಾಡಿನ ಪೂಜಾರಿ ಮೊದಮೊದಲು ಒಪ್ಪಿರಲಿಲ್ಲ. ಕೊನೆಗೆ ತೆಂಗಿನಕಾಯಿ ಒಡೆಸಿ, ಗಾಳಿ ಒಯ್ಯುವುದನ್ನು ನೀವೂ ಒಯ್ಯಿರಿ, ಟೊಂಗೆ ಮಾತ್ರ ಮುರಿಯಬೇಡಿ ಎಂದನಂತೆ. ಮಾಂತು ಅದಕ್ಕೆ ತಮ್ಮದೊಂದು ಕಟ್ಟಳೆ ಸೇರಿಸಿದ್ದಾರೆ: ತುದಿಯ ಕೊಂಬೆಗಳ ಕಾಯಿ ಮುಟ್ಟುವುದಿಲ್ಲ. “ಅದು ಮರದ ಪಾಲು.”

ಇಷ್ಟು ಎತ್ತರದ ಮರಗಳ ಸಹವಾಸ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಊರು ಇಂಡಿ ತಾಲೂಕಿನ ಬಯಲು. “ನಮ್ಮ ಕಡೆ ಎತ್ತರ ಅಂದ್ರ ಜ್ವಾಳದ ಬೆಳಿ. ಅದನ್ನ ಹತ್ತಾಕ ಬರತದೇನ್ರಿ?” ಎಂದು ನಗುತ್ತಾರೆ. ಅಪ್ಪ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ಮಗನೂ ಮೀಸೆ ಮೂಡುವ ಮೊದಲೇ ಅಲ್ಲಿಗೇ ಬಂದ. ಗೋಣಿ ಹೊರುವುದಕ್ಕಿಂತ ಲಾರಿಗೆ ಹಗ್ಗ ಕಟ್ಟುವುದರಲ್ಲಿ ಅವನ ಕೈ ಪಳಗಿತು. ಮಾಂತು ಕಟ್ಟಿದ ಲೋಡು ಸೋಲಾಪುರ ಮುಟ್ಟುವವರೆಗೆ ಅಲುಗಾಡುವುದಿಲ್ಲ ಎಂದು ಡ್ರೈವರುಗಳೇ ಹುಡುಕಿಕೊಂಡು ಬರುತ್ತಿದ್ದರು.

ಒಮ್ಮೆ ಸಂಶೋಧನಾ ಕೇಂದ್ರದವರು ಸಸಿ ಸಾಗಿಸಲು ಆ ಲಾರಿಗಳಲ್ಲೊಂದನ್ನು ಬಾಡಿಗೆಗೆ ಹಿಡಿದರು. ಘಾಟಿನ ತಿರುವುಗಳನ್ನೆಲ್ಲ ದಾಟಿ ಬಂದ ಮೇಲೂ ಒಂದು ಕುಂಡ ಓರೆಯಾಗಿರಲಿಲ್ಲ. ಬೀಜ ವಿಭಾಗದ ಮುಖ್ಯಸ್ಥೆ, ಮೈಸೂರು ಕಡೆಯ ಸರೋಜಮ್ಮ, ಗಂಟು ಕಟ್ಟಿದವನನ್ನು ಕರೆಸಿದರು.

“ಮೊದಲನೇ ದಿನ ಸುಮ್ಮನೆ ಪರೀಕ್ಷೆಗೆ ಅಂತ ಹತ್ತಿಸಿದೆವು” ಎಂದು ಸರೋಜಮ್ಮ ನೆನೆಯುತ್ತಾರೆ. “ಇಳೀರಿ ಅಂದ್ರೆ ಈ ಮನುಷ್ಯ ಇಳೀಲೇ ಇಲ್ಲ. ಆಗಲೇ ಗೊತ್ತಾಯ್ತು. ಹೆದರಿದವರು ಕರೆಯೋಕೆ ಮುಂಚೆನೇ ಇಳಿದುಬಿಡ್ತಾರೆ.”

“ಮ್ಯಾಲಿನ ಗಾಳಿ ಬ್ಯಾರೆ ಇತ್ರೀ ಮೇಡಂ” ಎನ್ನುತ್ತಾರೆ ಮಾಂತು, ಈಗಲೂ ಸ್ವಲ್ಪ ನಾಚಿ.

ಐವತ್ತು ದಾಟಿದ ಮಾಂತು ಈ ವರ್ಷ ಮರ ಹತ್ತಿಲ್ಲ. ಮಳೆಗಾಲದಲ್ಲಿ ಬಲಗೈ ರಟ್ಟೆಯ ಕೀಲು ತಪ್ಪಿತು. ಮರದಿಂದ ಬಿದ್ದದ್ದೇ ಎಂದು ಕೇಳಿದರೆ ಅವರಿಗೆ ಅವಮಾನ. “ಸ್ವಾರಗೇಟದಾಗ ಬಸ್ ಇಳಿಯಾಗ ಜಾರಿದೆ. ಇಷ್ಟು ವರ್ಷ ಮರ ನನ್ನ ಕೆಡವಲಿಲ್ಲ, ಬಸ್ ಕೆಡವಿತು.” ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವಂತಿಲ್ಲ ಎಂದು ಡಾಕ್ಟರ ಕಟ್ಟಪ್ಪಣೆ. ಮನೆಯಲ್ಲಿ ಮಾನಮ್ಮ ಗಂಡನ ಅಂಗಿಗಳನ್ನೆಲ್ಲ ಕೆಳಗಿನ ಗೂಟಕ್ಕೆ ಸ್ಥಳಾಂತರಿಸಿದ್ದಾಳೆ.

ಕೈಯ ನೋವಿಗಿಂತ ಇನ್ನೊಂದು ಅವರನ್ನು ಕಾಡುತ್ತಿದೆ. ಹತ್ತುವವರೇ ಇಲ್ಲವೆಂದರೆ ಪಾಠವೇಕೆ, ಬೀಜವನ್ನು ಗುತ್ತಿಗೆದಾರನಿಂದ ಕೊಂಡರಾಯಿತು, ಮಕ್ಕಳಿಗೆ ವಿಡಿಯೋ ತೋರಿಸಿದರಾಯಿತು ಎಂಬ ಮಾತು ಕೇಂದ್ರದಲ್ಲಿ ಎದ್ದಿದೆ. ಗುತ್ತಿಗೆಯ ಆಳುಗಳು ಕಾಯಿ ಬಿಡಿಸುವುದಿಲ್ಲ, ಟೊಂಗೆಯನ್ನೇ ಕಡಿದು ಕೆಡವುತ್ತಾರೆ. ಸರೋಜಮ್ಮ ಈ ಒಂದು ಋತುವಿನ ಗಡುವು ಪಡೆದಿದ್ದಾರೆ. ಮಾಂತುವಿನ ಹಗ್ಗದಲ್ಲಿ ಒಬ್ಬ ವಿದ್ಯಾರ್ಥಿಯಾದರೂ ಹತ್ತಿ ಬೀಜ ಇಳಿಸಿದರೆ ಪಾಠ ಉಳಿಯುತ್ತದೆ. ಇಲ್ಲದಿದ್ದರೆ ಇಲ್ಲ. ಕಾಯಿ ಮಾಗಿದೆ. ಗಾಳಿ ಯಾವತ್ತು ಎದ್ದೀತು ಎಂದು ಹೇಳುವವರಿಲ್ಲ.

ಪಾಠಕ್ಕೆ ಒಂದು ಕ್ರಮವಿದೆ. ಹತ್ತುವ ಮೊದಲು ಇನ್ನೊಬ್ಬರ ಹಗ್ಗ ಹಿಡಿದು ಕಲಿಯಬೇಕು. ಹಗ್ಗ ಎತ್ತರದ ಕವಲಿನ ಮೇಲಿಂದ ಹಾದು ಬಂದಿರುತ್ತದೆ. ಒಂದು ತುದಿ ಹತ್ತುವವರ ಸೊಂಟಪಟ್ಟಿಗೆ, ಇನ್ನೊಂದು ಬುಡಕ್ಕೆ ಸುತ್ತು ಹಾಕಿ ಕೆಳಗಿನವರ ಕೈಗೆ. ಮೇಲಿನವರು “ಹಗ್ಗ” ಅನ್ನಬೇಕು. ಕೆಳಗಿನವರು ಸಡಿಲು ಎಳೆದುಕೊಂಡು “ಬಿಗಿ” ಅನ್ನಬೇಕು. ಉತ್ತರ ಬರದೆ ಹೆಜ್ಜೆ ಏರಿಸುವಂತಿಲ್ಲ, ಕೂಗು ಬರದೆ ಹಗ್ಗ ಎಳೆಯುವಂತಿಲ್ಲ. ದೂರ ನಿಂತು ಕೇಳಿದರೆ ಶ್ರಾವಣದ ಭಜನೆ ನಡೆದಿದೆ ಅನ್ನಿಸಬೇಕು. ಒಬ್ಬರು ಪಲ್ಲವಿ ಎತ್ತಿದರೆ ಇನ್ನೊಬ್ಬರು ಹಿಡಿಯುತ್ತಾರೆ.

ವಿದ್ಯಾರ್ಥಿನಿ ದೀಪಾಲಿ ಹೋದ ವಾರ ತಪ್ಪಿದ್ದು ಇಲ್ಲಿಯೇ. ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿಯ ಮಗಳು, ಗಟ್ಟಿ ಹುಡುಗಿ. ಈ ಹೊನ್ನೆಯ ಬೀಜ ಹಳ್ಳಿಯಂಚಿನ ಬೋಳು ಗುಡ್ಡಗಳಲ್ಲಿ ಹೇಗೆ ಬೆಳೆಯುತ್ತದೆ ಎಂಬುದೇ ಅವಳ ಸಂಶೋಧನೆ. ಮೊದಲ ಕವಲಿನವರೆಗೆ ಸಲೀಸಾಗಿ ಹೋದಳು. ಅಲ್ಲಿ ಕೆಳಗೆ ನೋಡಿದಳು. ನೋಡಿದವಳ ಬಾಯಿ ಕಟ್ಟಿತು. ಕೂಗಿಲ್ಲದೆ ಹಗ್ಗವಿಲ್ಲ, ಹಗ್ಗವಿಲ್ಲದೆ ಹೆಜ್ಜೆಯಿಲ್ಲ. ಮಾಂತು ಮೆಲ್ಲಗೆ ಇಳಿಸಿಕೊಂಡರು. ತುಮಕೂರಿನ ಮನೋಜನದು ಅದಕ್ಕೂ ಮುಂಚೆಯೇ ಮುಗಿದಿತ್ತು: “ಅಂಕಲ್, ನಾನು ಲೈಫ್ ಪೂರ್ತಿ ಹಗ್ಗ ಹಿಡ್ಕೊಂಡಿರ್ತೀನಿ, ಮೇಲೆ ಮಾತ್ರ ಕಳಿಸ್ಬೇಡಿ.”

ಅವತ್ತು ಚಹಾ ಕುಡಿಯುವಾಗ ಮಾಂತು ದೀಪಾಲಿಯನ್ನು ಬೈಯಲಿಲ್ಲ. “ಸಣ್ಣಾಕಿದ್ದಾಗ ಹೆದರಿಕಿ ಬಂದ್ರ ಏನ ಮಾಡ್ತಿದ್ದಿ ಯವ್ವಾ?” ಎಂದು ಕೇಳಿದರು.

ಅವಳು ಯೋಚಿಸಿ ಹೇಳಿದಳು. “ಅಂಗಡಿ ಹಿಂದ ಗೋಡೌನ್ ಇತ್ರೀ ಕಾಕಾ, ಭಾಳ ಕತ್ತಲಿ. ಬೆಲ್ಲದ ಪೆಂಟಿ ತರಾಕ ಕಳಸ್ತಿದ್ರು. ನಮ್ಮ ಶಿವಗಂಗವ್ವಜ್ಜಿ ಹೊರಗ ಕುಂತು ಮಗ್ಗಿ ಹೇಳು ಅಂತಿದ್ಲು. ನಾ ಒಳಗಿಂದ ಎರಡೊಂದ್ಲೆ ಅಂದ್ರ, ಆಕಿ ಹೊರಗಿಂದ ಎರಡು ಅಂತಿದ್ಲು.”

ಮಾಂತು ಲೋಟ ಕೆಳಗಿಟ್ಟರು. “ಹಂಗಾದ್ರ ಹಗ್ಗ, ಬಿಗಿ ಎಲ್ಲಾ ಬಿಡು. ಮಗ್ಗಿ ಹೇಳಕೋತ ಹತ್ತು.”

ಅದನ್ನು ನೋಡಲೆಂದೇ ಈ ಬೆಳಿಗ್ಗೆ ಸರೋಜಮ್ಮನೂ ಬಂದಿದ್ದಾರೆ. ಚಪ್ಪಲಿ ಕಳಚಿಟ್ಟು, ಮಫ್ಲರ್ ಸುತ್ತಿಕೊಂಡು ಬೇರಿನ ಮೇಲೆ ಕುಳಿತಿದ್ದಾರೆ. ಕಾಳು ತುಂಬಿದ ಪುಟ್ಟ ಚೀಲಕ್ಕೆ ದಾರ ಕಟ್ಟಿ ಮನೋಜ ಕವಲಿನಾಚೆ ಎಸೆಯುತ್ತಾನೆ; ಮೂರನೆಯ ಸಲಕ್ಕೆ ದಾಟುತ್ತದೆ. ಅದರ ಹಿಂದೆ ದಪ್ಪ ಹಗ್ಗ ಏರುತ್ತದೆ. ಮಾಂತು ದೀಪಾಲಿಯ ಸೊಂಟದ ಗಂಟನ್ನು ಜಗ್ಗಿ ನೋಡುತ್ತಾರೆ, ಇನ್ನೊಮ್ಮೆ ಜಗ್ಗುತ್ತಾರೆ. ಲಾರಿಯ ಗಂಟೇ ಇದು. “ಇದು ಬೆಲ್ಲಾ ಹೊತ್ತದ. ನಿನ್ನ ಹೊರೂದೇನು ದೊಡ್ಡದಲ್ಲ.”

“ಬೆಲ್ಲದಷ್ಟ ಸಿಹಿ ಇಲ್ಲ ಕಾಕಾ ನಾ” ಎಂದು ಅವಳು ಮರಕ್ಕೆ ಕೈ ಹಚ್ಚುತ್ತಾಳೆ.

“ಎರಡೊಂದ್ಲೆ?”

“ಎರಡು.” ಹಗ್ಗ ಬಿಗಿಯುತ್ತದೆ.

“ಎರಡೆರಡ್ಲೆ?”

“ನಾಕು.”

ಮೂರರ ಮಗ್ಗಿಯಲ್ಲಿ ಅವಳು ಆಳೆತ್ತರ ದಾಟುತ್ತಾಳೆ. ಐದರದ್ದು ಓಡುವ ಮಗ್ಗಿ, ಹೆಜ್ಜೆಯೂ ಓಡುತ್ತದೆ. ಎರಡನೆಯ ಕೈಯಾಗಿ ಹಿಂದೆ ನಿಂತ ಮನೋಜ, “ಅಂಕಲ್, ನಂಗೆ ಟೇಬಲ್ಸ್ ಇಂಗ್ಲಿಷ್‌ನಲ್ಲಿ ಮಾತ್ರ ಬರೋದು” ಎಂದು ಪಿಸುಗುಟ್ಟುತ್ತಾನೆ. “ನೀ ಬರೇ ಜಗ್ಗೋ ಮಾರಾಯಾ” ಎನ್ನುತ್ತಾರೆ ಮಾಂತು, ಕಣ್ಣು ಕೀಳದೆ. ಮೊದಲ ಕವಲು ಬರುತ್ತದೆ. ಏಳರ ಮಗ್ಗಿಯ ನಡುವೆ ದನಿ ನಿಲ್ಲುತ್ತದೆ. ಕಾಡೂ ಕಿವಿಗೊಟ್ಟು ನಿಂತ ಹಾಗಿದೆ. ಮಾಂತು ಅವಸರಿಸುವುದಿಲ್ಲ, ಹಗ್ಗ ಎಳೆಯುವುದಿಲ್ಲ, ಧೈರ್ಯದ ಮಾತೂ ಆಡುವುದಿಲ್ಲ. ಕಾಯುತ್ತಾರೆ.

“ಏಳಾರ್ಲೆ?” ಸಣ್ಣ ದನಿ.

“ನಲವತ್ತೆರಡು” ಎಂದು ಮಾಂತು ಇಡೀ ಗುಡ್ಡಕ್ಕೆ ಕೇಳುವಂತೆ ಹೇಳುತ್ತಾರೆ.

ಅಲ್ಲಿಂದ ಅವಳನ್ನು ಹಿಡಿಯುವವರಿಲ್ಲ. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರರ ಮಗ್ಗಿ ಎತ್ತಿದಾಗ ಮಾಂತು ತಬ್ಬಿಬ್ಬು. ಅವರ ಶಾಲೆ ಹನ್ನೆರಡರ ಮಗ್ಗಿಗೇ ಮುಗಿದಿತ್ತು. ಆರರವರೆಗೆ ಹೇಗೋ ಕೂಡಿಸಿಕೊಂಡು ಹೇಳುತ್ತಾರೆ. “ಹದಿಮೂರೇಳ್ಲೆ?” ಎಂದು ಮೇಲಿನಿಂದ ಕೂಗು ಬರುತ್ತದೆ. ಉತ್ತರವಿಲ್ಲದೆ ಹೆಜ್ಜೆಯಿಲ್ಲ. ಬೇರಿನ ಮೇಲೆ ಕುಳಿತಿದ್ದ ಸರೋಜಮ್ಮ ಎದ್ದು ಬಂದು, ತಾವೂ ಹಗ್ಗಕ್ಕೆ ಕೈ ಹಚ್ಚಿ, “ತೊಂಬತ್ತೊಂದು” ಎನ್ನುತ್ತಾರೆ.

ಸ್ವಲ್ಪ ಹೊತ್ತಿಗೆ ಬಟ್ಟೆಯ ಚೀಲವೊಂದು ದಾರದಲ್ಲಿ ತೂಗುತ್ತ ಇಳಿಯುತ್ತದೆ. ಸರೋಜಮ್ಮ ಬಾಯಿ ಬಿಚ್ಚಿ ನೋಡುತ್ತಾರೆ. ಕಂದು ಕಾಯಿಗಳು, ಒಂದಕ್ಕೂ ರೆಕ್ಕೆ ಹರಿದಿಲ್ಲ. ಒಂದು ರೆಂಬೆಯ ಚೂರೂ ಜೊತೆಗೆ ಬಂದಿಲ್ಲ.

“ಪಾಠ ಉಳೀತು, ಮಾಂತು ಅವರೇ” ಎನ್ನುತ್ತಾರೆ. “ಮುಂದಿನ ವರ್ಷ ನೀವು ಹತ್ತೋದು ಬೇಡ, ಹಗ್ಗ ಹಿಡೀರಿ.”

ಮಾಂತು ಹಗ್ಗದ ತುದಿಯನ್ನು ಬುಡಕ್ಕೆ ಗಂಟು ಹಾಕಿ, ಮುಖ ತಿರುಗಿಸಿ ಮರ ಸವರುತ್ತಾರೆ. “ಹಗ್ಗ ಹಿಡಿಯೂದು ಸಾಕ್ರೀ ನನಗ. ಇನ್ನೇನ ಬೇಕು? ಮ್ಯಾಲಿನ ಗಾಳಿ ಯಾರಿಗರೇ ಸಿಗಲಿ.” ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿ, “ಗುತ್ತಿಗಿ ಹುಡುಗರಿಗೂ ಕಲಸಬೇಕು ಅಂತ ಆಸೆ ಅದ. ಅವರೇನ ಮರದ ವೈರಿಗಳಲ್ಲ, ಹಗ್ಗ ಗೊತ್ತಿಲ್ಲ ಅಷ್ಟ” ಎಂದು ಸೇರಿಸುತ್ತಾರೆ.

ಬಿಸಿಲು ಈಗ ಹೊನ್ನೆಯ ನೆತ್ತಿಗೆ ಬಂದಿದೆ. ಮಾನಮ್ಮ ಕಟ್ಟಿಕೊಟ್ಟ ಉಪ್ಪಿಟ್ಟಿನ ಡಬ್ಬಿಯನ್ನು ಮನೋಜ ಆಗಲೇ ಬಿಚ್ಚಿದ್ದಾನೆ. ಮಾಂತು ಕತ್ತು ಹಿಂದಕ್ಕೆ ಚೆಲ್ಲಿ, ಬೆಳಿಗ್ಗೆ ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ.

“ಮ್ಯಾಲ ಯಾರದಾರ್ರೀ?”

“ನಾ ಅದೀನ್ರೀ ಕಾಕಾ.”

“ಇಳಿ ಯವ್ವಾ ಇನ್ನ. ಉಪ್ಪಿಟ್ಟ ಆರತದ.”

ಕೊಂಬೆಗಳ ನಡುವೆ ಎರಡು ಬರಿಗಾಲುಗಳು ತೂಗಾಡುತ್ತವೆ.

“ಇಲ್ರೀ. ನಾ ಇಳಿಯಂಗಿಲ್ಲ.”