ಮುಹಂಗಿಯ ಬಾಳೆದಿಂಡು

ಬುನ್ಯೋನಿ ಸರೋವರದ ದಂಡೆಯಲ್ಲಿ ಕೆಮಿರೆಂಬೆಯ ಕೈಯ ಜೋಳದ ಹೆಂಡ ಕುಡಿಯದವರಿಲ್ಲ. ಎದುರು ಗುಡ್ಡದಲ್ಲಿ ಹುಟ್ಟಿದ ಅವಳು ಹತ್ತೊಂಬತ್ತಕ್ಕೆ ಮದುವೆಯಾಗಿ ದೋಣಿಯಲ್ಲಿ ಈಚೆ ದಡಕ್ಕೆ ಬಂದಳು. ಇಪ್ಪತ್ತಮೂರು ವರ್ಷ ಇಳಿಜಾರಿನ ಹೊಲದಲ್ಲಿ ಆಲೂಗಡ್ಡೆ ಅಗೆದಳು, ಹೆಂಡ ಹದ ಮಾಡಿದಳು. ಮಕ್ಕಳಾಗಲಿಲ್ಲ. ಊರು ಅದನ್ನು ಬಾಯಿತುಂಬ ಆಡಿಕೊಂಡಿತು. ಗಂಡ ಮುಹಂಗಿ ಮಾತ್ರ ಒಂದು ದಿನವೂ ಎತ್ತಿ ಆಡಲಿಲ್ಲ.

ಎಂಟು ತಿಂಗಳ ಹಿಂದೆ, ಮಂಜು ಕವಿದಿದ್ದ ಒಂದು ಬೆಳಿಗ್ಗೆ, ಮುಹಂಗಿ ನೀರಿನಲ್ಲಿ ಇಳಿಬಿಟ್ಟಿದ್ದ ಸಿಗಡಿ ಬುಟ್ಟಿ ಎತ್ತಲು ದೋಣಿಯಲ್ಲಿ ಹೋದ. ಮಧ್ಯಾಹ್ನ ದೋಣಿ ತೇಲಿಕೊಂಡು ಬಂತು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಕೆಮಿರೆಂಬೆ ಅಳಲಿಲ್ಲ. ಆವತ್ತಿನಿಂದ ಅವಳಿಗೆ ಉಪ್ಪು, ಸಪ್ಪೆ ಎಲ್ಲ ಒಂದೇ. ಬಿಸಿ ಮಡಕೆ ಮುಟ್ಟಿದರೆ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು.

ವರ್ಷಕ್ಕೊಮ್ಮೆ ಒಂದು ಶನಿವಾರ, ಭಾನುವಾರ ಮುಹಂಗಿಯೂ ಸೇರಿ ಆರೂ ಜನ ಅಣ್ಣತಮ್ಮಂದಿರ ಸಂಸಾರ ಈ ದಡದಲ್ಲಿ ಸೇರುವುದು ಆ ಮನೆತನದ ವಾಡಿಕೆ. ರಾಜಧಾನಿ ಕಂಪಾಲದಲ್ಲಿ ನೆಲೆಸಿದವರು ಇಳಿದದ್ದೇ ಸರೋವರಕ್ಕೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ಪುಣ್ಯಾತ್ಮರು ನೀರನ್ನು ನೋಡುವುದು ಊರಿಗೆ ಹೋದ ಮೇಲೆ, ಫೋನಿನಲ್ಲಿ. ಈ ಸಲವೂ ಅದೇ ಗದ್ದಲ. ಅದರ ನಡುವೆಯೇ ಹಿರಿಯ ಭಾವ ಬ್ಯಾರುಗಾಬ ಅವಳನ್ನು ಕೂರಿಸಿಕೊಂಡ. ಹೆಣ ಸಿಗದವನ ಹೆಸರಲ್ಲಿ ಬಾಳೆದಿಂಡು ಹೂಳಬೇಕು, ಇಲ್ಲದಿದ್ದರೆ ಸತ್ತವನಿಗೆ ನೆಲೆಯಿಲ್ಲ. ಆದರೆ ಹೆಂಡತಿ ಒಪ್ಪದೆ ಗುದ್ದಲಿ ಎತ್ತುವಂತಿಲ್ಲ.

"ನಾಳೆ ಸಂಜೆ ಎಲ್ಲಾ ಹೊರಟ್ಬಿಡ್ತಾರಮ್ಮ. ಒಪ್ಕೊಂಡ್ಬಿಡು," ಎಂದ ಬ್ಯಾರುಗಾಬ.

"ಸತ್ತದ್ದನ್ನ ಕಂಡೋರ್ಯಾರು ಭಾವ? ರುವಾಂಡಾ ಕಡೆ ದಡ ಹತ್ತಿದ್ರೆ?"

"ನಿನ್ ಕೈ ಹೆಂಡ ಬಿಟ್ಟು ಎಂಟು ತಿಂಗ್ಳು ಇರೋ ಗಿರಾಕಿನಾ ಅತ್ಗೆ ನಮ್ಮಣ್ಣ?" ಎಂದು ಕಿರಿಯ ಮೈದುನ ನುವಾಗಾಬ ನಗಿಸಲು ನೋಡಿದ. ನಗು ಯಾರಿಗೂ ಬರಲಿಲ್ಲ.

"ನನ್ ಗಂಡ ಬಾಳೆಮರ ಅಲ್ಲ. ಹೂಳೋದು ಬೇಡ," ಎಂದು ಕೆಮಿರೆಂಬೆ ಎದ್ದಳು. ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ಭಾನುವಾರ ಚರ್ಚಿನಿಂದ ಬಂದ ಮೇಲೆ ಹೆಂಡದ ಮಡಕೆ ಅಂಗಳಕ್ಕೆ ಬಂತು. ಸುತ್ತ ಆರು ಮಣೆ ಹಾಕಿದವಳು ಅವಳೇ. ಮೂರನೆಯದು ಮುಹಂಗಿಯದು, ಅದನ್ನು ಯಾರೂ ಎತ್ತಕೂಡದೆಂದು ಹೇಳಿದ್ದಳು. ಹೆಂಡ ಮಾಡಿದವಳೇ ಬೆಳಿಗ್ಗೆ ಜೊಂಡು ಕೊಯ್ದು ಹೆಂಡ ಹೀರಲು ಹೊಸ ಕೊಳವೆ ಮಾಡಿ, ಮನೆಯ ಗಂಡಸರಿಗೆ ಒಂದೊಂದು ಕೊಡಬೇಕು. ಎಲ್ಲರ ಕೈಗೂ ಸೇರುವ ತನಕ ಒಬ್ಬನೂ ಮಡಕೆಗೆ ಬಾಯಿ ಹಾಕುವುದಿಲ್ಲ.

ಅವಳು ಮಣೆಯ ಮೇಲೆ ಕೂತವರಿಗೆ ಕೊಡುತ್ತ ಬಂದಳು. ಕೊನೆಗೆ ನುವಾಗಾಬನಿಗೆ ಕೊಟ್ಟಾಗ ಕೈ ಖಾಲಿಯಾಯಿತು.

ಯಾರೂ ಕುಡಿಯಲಿಲ್ಲ. ಬಾಗಿಲಲ್ಲಿ ಕೂತಿದ್ದ ಮುದುಕಿ ಅತ್ತೆ ಕೆಂಗಾಂಜಿ ಕೇಳಿದಳು: "ಮಗಾ, ಮುಹಂಗಿ ಮಣೆ ಇದೆ. ಕೊಳವೆ ಎಲ್ಲಿ?"

ಕೆಮಿರೆಂಬೆ ಬುಟ್ಟಿ ತಡಕಿದಳು. ಸೆರಗಿನ ಗಂಟು ಬಿಚ್ಚಿ ನೋಡಿದಳು. ಎಲ್ಲೂ ಬಿದ್ದಿರಲಿಲ್ಲ. ಬೆಳಿಗ್ಗೆ ಜೊಂಡಿನ ನಡುವೆ ನಿಂತು ಕೊಯ್ದದ್ದು ನೆನಪಾಯಿತು. ಐದು ಕೊಯ್ದು, ಚಾಕು ಒರೆಸಿ, ಮನೆಗೆ ಬಂದಿದ್ದಳು. ಇಪ್ಪತ್ತಮೂರು ವರ್ಷ ಆರೇ ಕೊಯ್ದಿದ್ದ ಕೈ ಅದು.

"ಐದೇ ಕುಯ್ದಿದೀನಿ ಅತ್ತೆ," ಎಂದಳು. "ಕೈಗೆ ಗೊತ್ತಾಗ್ಬಿಟ್ಟಿದೆ."

ಬುಟ್ಟಿ ಕೆಳಗಿಟ್ಟು ಬ್ಯಾರುಗಾಬನ ಕಡೆ ತಿರುಗಿ, "ಅಗೀರಿ ಭಾವ," ಎಂದಳು.

ಗುಂಡಿ ತೋಡಿದರು. ನುವಾಗಾಬ ಹಿತ್ತಲಿನಿಂದ ದಿಂಡೊಂದನ್ನು ಕಡಿದು, ಬಿಳಿ ಬಟ್ಟೆ ಸುತ್ತಿ ತಂದು ಮಲಗಿಸಿದ. ಕೆಮಿರೆಂಬೆ ನೋಡಿದಳು.

"ಇದು ಗಿಡ್ಡ ಆಯ್ತು. ಅವ್ರು ನಿಮ್ಮೆಲ್ಲಾರ್ಗಿಂತ ಒಂದು ಗೇಣು ಉದ್ದ ಇದ್ರು."

"ಅತ್ಗೆ, ಇದೇನು ಅಂಗಿ ಹೊಲ್ಸೋದಾ..." ಎಂದವನನ್ನು ಮುದುಕಿ ಗದರಿದಳು: "ಬಾಯ್ಮುಚ್ಚೋ. ಅವಳು ಹೇಳಿದ್ ಮಾಡು."

ಕೆಮಿರೆಂಬೆ ತಾನೇ ಹಿತ್ತಲಿಗೆ ನಡೆದಳು. ಒಂದೊಂದೇ ಬಾಳೆಯ ಎದುರು ನಿಂತು ನೋಡಿ, ಒಂದಕ್ಕೆ ಹಣೆ ಆನಿಸಿದಳು. ಮುಹಂಗಿಯ ಎದುರು ನಿಂತರೆ ಅವಳ ಹಣೆ ಅವನ ಭುಜಕ್ಕೆ ಬರುತ್ತಿತ್ತು.

"ಇಲ್ಲಿಗೆ ಭುಜ. ಮೇಲೆ ತಲೆಗೆ ಬಿಟ್ಟು ಕಡಿ," ಎಂದಳು.

ಮಚ್ಚು ಹಿಡಿದು ನುವಾಗಾಬ ಕಾದ. ಅವಳು ಹಣೆ ತೆಗೆಯಲಿಲ್ಲ.

"ಅತ್ಗೆ?"

"ತಣ್ಣಗಿದಾರೆ ಕಣೋ," ಎಂದಳು ಕೆಮಿರೆಂಬೆ.